ಲೆಕ್ಕವಿಟ್ಟು ಸೋರುವ ಚೀಲ: ಮೈಯನ್ನು ಬೆಚ್ಚಗಿಡುವ, ತಣಿಸುವ ಗಾಳಿಹೊದಿಕೆಯ ವಿನ್ಯಾಸ

ಗಾಳಿ ತುಂಬಿದ ಹೊದಿಕೆ ಎಂದೊಡನೆ ಬಲೂನಿನ ಚಿತ್ರ ಮನಸ್ಸಿಗೆ ಬರುತ್ತದೆ. ವಿನ್ಯಾಸದ ಮೊದಲ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಬಲೂನಿನ ಕೆಲಸ ಗಾಳಿಯನ್ನು ಹಿಡಿದಿಡುವುದು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ರೋಗಿಗೆ ಹೊದಿಸುವ ಬಿಸಿಗಾಳಿಯ ಹೊದಿಕೆಯಾಗಲಿ, ಕುಲುಮೆಯ ಬಳಿ ದುಡಿಯುವವರು ತೊಡುವ ತಂಗಾಳಿಯ ಅಂಗಿಯಾಗಲಿ, ಇರುವುದೇ ಗಾಳಿಯನ್ನು ಮೈಯ ಕಡೆಗೆ ಸೋರಿಸುವುದಕ್ಕೆ. ಆದ್ದರಿಂದ ರಂಧ್ರಗಳ ಲೆಕ್ಕ ಮೊದಲು, ಚೀಲದ ಆಕಾರ ಆಮೇಲೆ.

ಎಷ್ಟು ಶಾಖ ಬೇಕು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರ ದೇಹ ಸುಮಾರು 100 ವಾಟ್ ಶಾಖವನ್ನು ಉತ್ಪಾದಿಸುತ್ತದೆ. ಪೂರ್ಣ ಅರಿವಳಿಕೆ ಕೊಟ್ಟಾಗ ರಕ್ತನಾಳಗಳು ಹಿಗ್ಗಿ, ದೇಹದ ಒಳಭಾಗದ ಶಾಖ ಕೈಕಾಲುಗಳ ಕಡೆಗೆ ಹರಿದುಹೋಗುವುದರಿಂದ, ಮೊದಲ ಒಂದು ಗಂಟೆಯಲ್ಲೇ ಒಳಗಿನ ಉಷ್ಣತೆ 1ರಿಂದ 1.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯಬಹುದು; 36 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಶೀತಸ್ಥಿತಿ ಎಂದೇ ಪರಿಗಣಿಸುತ್ತಾರೆ. ಹೀಗೆ ಒಳಗಿಂದ ಹೊರಕ್ಕೆ ಹರಿಯುವ ಶಾಖವನ್ನು ಆಮೇಲೆ ಮೇಲಿನಿಂದ ಬಿಸಿ ಕೊಟ್ಟು ತಡೆಯುವುದು ಕಷ್ಟ. ಅರಿವಳಿಕೆಗೆ ಮುಂಚೆಯೇ ಕೈಕಾಲುಗಳನ್ನು ಬೆಚ್ಚಗೆ ಮಾಡಿಟ್ಟರೆ ಆ ಹರಿವೇ ಕಡಿಮೆಯಾಗುತ್ತದೆ. ಎಚ್ಚರವಾಗಿರುವವರೂ ಹೊದ್ದುಕೊಂಡು ಆರಾಮವಾಗಿ ಕೂರುವಂತೆ ಹೊದಿಕೆ ಇರಬೇಕೆನ್ನುವುದು ಇದೇ ಕಾರಣಕ್ಕೆ.

ಇನ್ನು ಗಾಳಿಯ ಪ್ರಮಾಣ. ಬೆಚ್ಚನೆಯ ಗಾಳಿ ಲೀಟರಿಗೆ ಸುಮಾರು 1.1 ಗ್ರಾಂ ತೂಗುತ್ತದೆ. ಒಂದು ಗ್ರಾಂ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಬಿಟ್ಟುಕೊಡುವುದು ಒಂದು ಜೂಲ್ ಮಾತ್ರ. ಸೆಕೆಂಡಿಗೆ 20 ಲೀಟರ್ ಹರಿಸಿದರೆ ಪ್ರತಿ ಡಿಗ್ರಿಗೆ 22 ವಾಟ್ ಸಿಗುತ್ತದೆ. 43 ಡಿಗ್ರಿಯಲ್ಲಿ ಒಳಹೊಕ್ಕ ಗಾಳಿ 36 ಡಿಗ್ರಿಯಲ್ಲಿ ಹೊರಬಿದ್ದರೆ ಒಟ್ಟು 154 ವಾಟ್. ಇದರಲ್ಲೂ ಒಂದು ಪಾಲು ಹೊದಿಕೆಯ ಮೇಲ್ಮೈಯಿಂದ ಕೋಣೆಗೆ ಸೋರಿಹೋಗುತ್ತದೆ. ಗಾಳಿ ಶಾಖ ಹೊರುವುದರಲ್ಲಿ ಬಡಪಾಯಿ. ಅದಕ್ಕೇ ಹರಿವು ಧಾರಾಳವಾಗಿರಬೇಕು. ಹರಿವಿನ ಕೊರತೆಯನ್ನು ಬಿಸಿ ಏರಿಸಿ ತುಂಬಿಸಿಕೊಳ್ಳಲು ಹೊರಟರೆ ಚರ್ಮ ಸುಡುತ್ತದೆ.

ರಂಧ್ರಗಳ ಲೆಕ್ಕ ಹೀಗೆ. ಚೀಲದೊಳಗೆ 200 ಪಾಸ್ಕಲ್ ಒತ್ತಡವಿದೆ ಎಂದುಕೊಳ್ಳೋಣ. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ನೀರು ತುಂಬಿದ ಪಾರದರ್ಶಕ ಕೊಳವೆಯ ಒಂದು ತುದಿಯನ್ನು ಚೀಲಕ್ಕೆ ಸೇರಿಸಿದರೆ, ಎರಡು ಕಡೆಯ ನೀರಿನ ಮಟ್ಟಗಳ ನಡುವೆ 20 ಮಿಲಿಮೀಟರ್ ಅಂತರ ಕಾಣಿಸುತ್ತದೆ. ಇದಕ್ಕಿಂತ ದುಬಾರಿ ಉಪಕರಣ ಬೇಕಿಲ್ಲ. ಈ ಒತ್ತಡದಲ್ಲಿ ಗಾಳಿ ರಂಧ್ರದಿಂದ ಸೆಕೆಂಡಿಗೆ ಸುಮಾರು 19 ಮೀಟರ್ ವೇಗದಲ್ಲಿ ಚಿಮ್ಮುತ್ತದೆ, ಆದರೆ ಧಾರೆ ಕಿರಿದಾಗುವುದರಿಂದ ರಂಧ್ರದ ವಿಸ್ತೀರ್ಣದಲ್ಲಿ ಶೇಕಡ 60ರಷ್ಟೇ ಉಪಯೋಗಕ್ಕೆ ಬರುತ್ತದೆ. ಸೆಕೆಂಡಿಗೆ 20 ಲೀಟರ್ ಹೊರಹೋಗಲು ಒಟ್ಟು ಹದಿನೇಳೂವರೆ ಚದರ ಸೆಂಟಿಮೀಟರ್ ತೆರಪು ಬೇಕು. ಅಂದರೆ ಒಂದು ಮಿಲಿಮೀಟರ್ ವ್ಯಾಸದ ಸುಮಾರು 2,200 ರಂಧ್ರಗಳು. ಒಂದು ಚದರ ಮೀಟರ್ ಹೊದಿಕೆಯಲ್ಲಿ ಇವು ಎರಡು ಸೆಂಟಿಮೀಟರಿಗೊಂದರಂತೆ ಬರುತ್ತವೆ. ಎರಡು ಮಿಲಿಮೀಟರಿನವಾದರೆ 560 ಸಾಕು, ಆದರೆ ಧಾರೆ ಅಲ್ಲಲ್ಲಿ ಚುಚ್ಚಿದಂತಾಗುತ್ತದೆ. ಚಿಕ್ಕವು, ಹೆಚ್ಚು ಸಂಖ್ಯೆಯವು ಎಂಬುದು ನನ್ನ ಆಯ್ಕೆ. ಒಳಗಿನ ಗಾಳಿದಾರಿಗಳ ಅಡ್ಡಕೊಯ್ತ ರಂಧ್ರಗಳ ಒಟ್ಟು ವಿಸ್ತೀರ್ಣಕ್ಕಿಂತ ಹಲವು ಪಟ್ಟು ದೊಡ್ಡದಿರಲಿ. ಇಲ್ಲದಿದ್ದರೆ ಗಾಳಿ ಊದುವ ಯಂತ್ರದಿಂದ (ಬ್ಲೋವರ್) ಚೀಲಕ್ಕೆ ಬರುವ ಕೊಳವೆಯ ಬಾಯಿಯ ಹತ್ತಿರ ಒಂದು ಒತ್ತಡ, ಪಾದದ ಬಳಿ ಇನ್ನೊಂದು.

ಎರಡು ಪದರಗಳನ್ನು ಬೆಸೆಯುವಾಗ ನಾನು ಸರಿಯಾಗಿ ಎಡವಿದ್ದೇನೆ. ಹತ್ತು ಸೆಂಟಿಮೀಟರಿಗೊಂದು ಉದ್ದುದ್ದ ಬೆಸುಗೆ ಹಾಕಿ, ಒಂದು ಮೀಟರ್ ಅಗಲದ ಹಾಳೆಯನ್ನು ಸಿದ್ಧಪಡಿಸಿ, ಗಾಳಿ ತುಂಬಿಸಿದರೆ ಅದು ಮೈಯನ್ನು ಪೂರ್ತಿ ಮುಚ್ಚಲೇ ಇಲ್ಲ. ಕಾರಣ ಸರಳ: ಹತ್ತು ಸೆಂಟಿಮೀಟರ್ ಅಗಲದ ಚಪ್ಪಟೆ ಪಟ್ಟಿ ಪೂರ್ತಿ ಉಬ್ಬಿ ಕೊಳವೆಯಾದಾಗ ಅದರ ವ್ಯಾಸ 6.4 ಸೆಂಟಿಮೀಟರ್ ಮಾತ್ರ, ಹಾಗಾಗಿ ಇಡೀ ಹಾಳೆ 64 ಸೆಂಟಿಮೀಟರಿಗೆ ಕುಗ್ಗುತ್ತದೆ. ಉದ್ದ ಗೆರೆಗಳ ಬದಲು ಗುಂಡಿಯಂಥ ಚುಕ್ಕೆ ಬೆಸುಗೆಗಳನ್ನು ಹಾಕಿದರೆ ಕುಗ್ಗುವುದು ಕಡಿಮೆ, ಗಾಳಿಯೂ ಅಡ್ಡಡ್ಡ ಹರಿಯುತ್ತದೆ, ಹೊದಿಕೆ ಭುಜದ ತಿರುವಿಗೂ ಬಗ್ಗುತ್ತದೆ. ಗೆರೆಯೇ ಬೇಕೆಂದಿದ್ದರೆ ಅದರ ತುದಿಯನ್ನು ನೀರಹನಿಯಂತೆ ದುಂಡಗೆ ಮುಗಿಸಬೇಕು, ಏಕೆಂದರೆ ಚೂಪಾದ ತುದಿಯಿಂದಲೇ ಸೀಳು ಆರಂಭವಾಗುತ್ತದೆ. ಯಾರಾದರೂ ಒರಗಿಕೊಂಡು ರಂಧ್ರಗಳೆಲ್ಲ ಮುಚ್ಚಿದಾಗ ಬ್ಲೋವರ್ ತನ್ನ ಗರಿಷ್ಠ ಒತ್ತಡಕ್ಕೇರುತ್ತದೆ. ಬೆಸುಗೆ ತಡೆಯಬೇಕಾದದ್ದು ಆ ಒತ್ತಡವನ್ನು, ಮಾಮೂಲಿನ 200 ಪಾಸ್ಕಲನ್ನಲ್ಲ. ಒಮ್ಮೆ ಬಳಸಿ ಎಸೆಯುವುದಕ್ಕೆ ಪಾಲಿಥೀನ್ ಲೇಪಿಸಿದ ನಾನ್‌ವೋವನ್ (ನೇಯದೆ ತಯಾರಿಸಿದ) ಬಟ್ಟೆ, ತೊಳೆದು ಬಳಸುವುದಕ್ಕೆ ಪಾಲಿಯುರೆಥೇನ್ ಲೇಪಿಸಿದ ನೈಲಾನ್ ಹೊಂದುತ್ತದೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. 1947ರಲ್ಲಿ ಸಂಶೋಧಕರಾದ ಮಾರಿಟ್ಜ್ ಮತ್ತು ಹೆನ್ರಿಕ್ವೆಸ್ ತೋರಿಸಿಕೊಟ್ಟಂತೆ, ಚರ್ಮ 44 ಡಿಗ್ರಿಯಲ್ಲಿ ಸುಮಾರು ಆರು ಗಂಟೆ ಇದ್ದರೆ ಸುಟ್ಟುಹೋಗುತ್ತದೆ. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಆ ಅವಧಿ ಅರ್ಧರ್ಧವಾಗುತ್ತ ಹೋಗುತ್ತದೆ. ದೀರ್ಘ ಶಸ್ತ್ರಚಿಕಿತ್ಸೆ ಅಷ್ಟು ಹೊತ್ತು ನಡೆಯುವುದುಂಟು, ಅರಿವಳಿಕೆಯಲ್ಲಿರುವವರು ಉರಿ ಎಂದು ಹೇಳಲಾರರು. ಉಷ್ಣಸಂವೇದಿಯನ್ನು ಹೀಟರಿನ ಬಳಿಯಲ್ಲದೆ ಕೊಳವೆಯ ತುದಿಯಲ್ಲಿ ಕೂರಿಸಿ. ಅದು ಕೆಟ್ಟರೂ ಹೀಟರನ್ನು ನಿಲ್ಲಿಸುವ ಪ್ರತ್ಯೇಕ ಕಡಿತ ಸ್ವಿಚ್ಚು ಇರಲಿ. ಹೊದಿಕೆಯಿಲ್ಲದೆ ಬರೀ ಕೊಳವೆಯನ್ನು ಬಟ್ಟೆಯೊಳಗೆ ತೂರಿಸಿ ರೋಗಿಗಳಿಗೆ ಸುಟ್ಟಗಾಯವಾದದ್ದುಂಟು, ಆದಕಾರಣ ಹೊದಿಕೆ ಸೇರಿಸದ ಹೊರತು ಬಿಸಿ ಏರದಂಥ ಜೋಡಣೆ ಒಳ್ಳೆಯದು. ಮೈಭಾರ ಬೀಳುವ ಕಡೆ ಹಾಗೂ ರಕ್ತಸಂಚಾರ ತಡೆದಿರುವ ಅಂಗದ ಮೇಲೆ ರಂಧ್ರಗಳು ಬರಬಾರದು, ಏಕೆಂದರೆ ಅಲ್ಲಿ ಬಿಸಿಯನ್ನು ಹೊತ್ತೊಯ್ಯಲು ರಕ್ತವಿರುವುದಿಲ್ಲ. ಗಾಳಿ ಒಳಬರುವಲ್ಲಿ ಫಿಲ್ಟರ್ ಕಡ್ಡಾಯ.

ತಣಿಸುವ ಅಂಗಿಯಲ್ಲಿ ಲೆಕ್ಕವೇ ಬದಲಾಗುತ್ತದೆ. ಅಲ್ಲಿ ದೊಡ್ಡ ಕೆಲಸ ಮಾಡುವುದು ಬೆವರು: ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 2,400 ಜೂಲ್ ಶಾಖ ಹೋಗುತ್ತದೆ. ಆದುದರಿಂದ ತಣ್ಣನೆಯ ಗಾಳಿಗಿಂತ ಒಣಗಾಳಿ ಮುಖ್ಯ, ಹೊರಹೋಗುವ ದಾರಿ ಒಳಬರುವ ದಾರಿಯಷ್ಟೇ ಮುಖ್ಯ. ಕತ್ತು ಮತ್ತು ತೋಳಿನ ಬಳಿ ಬಿಡುವಿಲ್ಲದಿದ್ದರೆ ತೇವ ಒಳಗೇ ಕೂರುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿ, ಮೈಯೂ ಒಣಗಿದ್ದರೆ ಫ್ಯಾನು ಬೀಸಿದಷ್ಟೂ ಮೈ ಕಾಯುತ್ತದೆ. ಈ ವಿಧಾನಕ್ಕೆ ಮಿತಿಯೂ ಇದೆ. 1966ರ ಜೂನ್‌ನಲ್ಲಿ ಜೆಮಿನಿ 9ಎ ಬಾಹ್ಯಾಕಾಶ ನೌಕೆಯಿಂದ ಹೊರಬಂದ ಅಮೆರಿಕದ ಗಗನಯಾತ್ರಿ ಯೂಜೀನ್ ಸರ್ನನ್ ಶ್ರಮದಿಂದ ಬೆವರಿ, ಶಿರಸ್ತ್ರಾಣದ ಗಾಜೆಲ್ಲ ಮಂಜುಕಟ್ಟಿ ಏನೂ ಕಾಣದಂತಾಯಿತು. ಉಡುಪಿನೊಳಗಿನ ಅನಿಲದ ಹರಿವು ಅಷ್ಟು ಶಾಖವನ್ನು ಹೊರಲಾರದೆ ಹೋಗಿತ್ತು. ಅಪೊಲೊ ಯಾತ್ರಿಗಳು ಚಂದ್ರನ ಮೇಲೆ ನಡೆಯುವಾಗ ತೊಟ್ಟ ಒಳಉಡುಪಿನಲ್ಲಿ ನೀರು ಹರಿಯುವ ಸಣ್ಣ ಕೊಳವೆಗಳಿದ್ದವು.

ಮನುಷ್ಯರ ಮೇಲೆ ಹೊದಿಸುವ ಮುನ್ನ ನೀರಿನ ಕ್ಯಾನುಗಳ ಮೇಲೆ ಪರೀಕ್ಷಿಸಿ. ಐದು ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನುಗಳಿಗೆ 33 ಡಿಗ್ರಿಯ ನೀರು ತುಂಬಿ, ಮಲಗಿಸಿ, ಮೇಲೆ ಹೊದಿಸಿ, ಆಗಾಗ ಕಲಕಿ ಉಷ್ಣತೆ ಬರೆದುಕೊಳ್ಳಿ. ಹತ್ತು ಲೀಟರ್ ನೀರು ಒಂದು ಡಿಗ್ರಿ ಏರಲು 42,000 ಜೂಲ್ ಬೇಕು. ಅದಕ್ಕೆ 14 ನಿಮಿಷ ಹಿಡಿದರೆ ಕ್ಯಾನುಗಳಿಗೆ ತಲುಪಿದ್ದು 50 ವಾಟ್. ಕ್ಯಾನುಗಳನ್ನು ತಲೆಯ ಕಡೆಯಿಂದ ಪಾದದ ಕಡೆಗೆ ಸರಿಸಿ ಮತ್ತೆ ಅಳೆಯಿರಿ. ಎರಡು ಅಂಕಿಗಳ ನಡುವೆ ದೊಡ್ಡ ಅಂತರ ಬಂದರೆ ತಾಪ ಹೆಚ್ಚಿಸಲು ಹೋಗದೆ, ಕಡಿಮೆ ಬಂದ ಕಡೆ ರಂಧ್ರಗಳನ್ನು ಒತ್ತಾಗಿಸಿ, ಕೊಳವೆಯ ಬಾಯಿಯ ಹತ್ತಿರದವನ್ನು ವಿರಳಗೊಳಿಸಿ, ಮೊದಲಿನಿಂದ ಅಳೆಯಿರಿ.