ನೆನಪಿನಿಂದ ಊರನ್ನು ಬರೆಯುವುದು ಹೇಗೆ: ಪೀಟರ್ ಡಾಯ್ಗ್ ತೋರಿಸುವ ದಾರಿ

ಬಿಟ್ಟು ಬಂದ ಊರನ್ನು ಪೇಂಟ್ ಮಾಡುವ ಆಸೆ ಇದೆಯಾ? ಮೊದಲು ಚಿತ್ರಕಾರ ಪೀಟರ್ ಡಾಯ್ಗ್ ಅವರ ಚಿತ್ರಗಳನ್ನು ನೋಡಿ. 1959ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಟ್ರಿನಿಡಾಡ್ ಮತ್ತು ಕೆನಡಾದಲ್ಲಿ ಬೆಳೆದವರು. ಕೆನಡಾದ ಹಿಮ, ಕೆರೆ, ದೋಣಿಗಳನ್ನು ಅವರು ಜಾಸ್ತಿ ಬರೆದದ್ದು ಲಂಡನ್ನಿನಲ್ಲಿ ಕೂತು. ದೂರ ಇದ್ದದ್ದೇ ಅವರಿಗೆ ಒಳ್ಳೆಯದಾಯಿತು ಅಂತ ನನಗನ್ನಿಸುತ್ತದೆ.

ನೀವೂ ಒಂದು ಜಾಗ ಆರಿಸಿ, ಆದರೆ ಅಲ್ಲಿಗೆ ಹೋಗಬೇಡಿ. ಒಂದು ಫೋಟೋ ಸಾಕು, ಅದು ನಿಮ್ಮ ಊರಿನದೇ ಆಗಬೇಕಿಲ್ಲ, ಡಾಯ್ಗ್ ಕೂಡ ಪತ್ರಿಕೆಯ ಚಿತ್ರ, ಸಿನಿಮಾ ದೃಶ್ಯ, ಪೋಸ್ಟ್‌ಕಾರ್ಡ್ ಎಲ್ಲ ಬಳಸಿದ್ದಾರೆ. ಅದನ್ನು ನೋಡಿ ಸಣ್ಣ ಸ್ಕೆಚ್ ಮಾಡಿ, ಆಮೇಲೆ ಫೋಟೋ ಒಳಗಿಡಿ. ಇದು ತುಂಬಾ ಮುಖ್ಯ. ಎದುರಿಗಿದ್ದರೆ ಕೈ ನಕಲಿಗೆ ಇಳಿದುಬಿಡುತ್ತದೆ, ಅಲ್ವಾ?

ಬಣ್ಣ ತೆಳ್ಳಗೆ ಶುರು ಮಾಡಿ, ಒಣಗಿದ ಮೇಲೆ ಇನ್ನೊಂದು ಪದರ ಹಾಕಿ. ಆಕಾಶ ನೀಲಿಯೇ ಇರಬೇಕಿಲ್ಲ. ನೋಟಕ್ಕೆ ಏನಾದರೂ ಅಡ್ಡ ತನ್ನಿ: ಅವರ ‘ಕಾಂಕ್ರೀಟ್ ಕ್ಯಾಬಿನ್’ ಚಿತ್ರಗಳಲ್ಲಿ ಫ್ರಾನ್ಸಿನ ಬ್ರಿಯೇಯಲ್ಲಿರುವ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೇ ವಿನ್ಯಾಸದ ಕಟ್ಟಡ ಕಾಡಿನ ಮರಗಳ ಸಂದಿಯಲ್ಲಿ ತುಂಡುತುಂಡಾಗಿ ಕಾಣುತ್ತದೆ, ಹಾಗಾಗಿಯೇ ನಾವು ಜಾಸ್ತಿ ಹೊತ್ತು ಹುಡುಕುತ್ತೇವೆ. ನೆನಪಿಗೆ ಬಾರದ ಮೂಲೆಗೆ ಸುಮ್ನೆ ವಿವರ ತುಂಬಬೇಡಿ, ಬಟ್ಟೆಯಿಂದ ಒರೆಸಿ ಮಸುಕಾಗಿಯೇ ಬಿಡಿ.