ಎಂಟುನೂರು ಪುಟ ಬಿಟ್ಟು ಒಂದು ಪುಟ ಹಿಡಿದೆ: ನನ್ನ ಅನುಭವ

‘ಒಂದು ಪುಟ ಹಿಡ್ಕೊಂಡು ವಿಚಾರಣೆಗೆ ಹೋಗ್ತೀಯಾ? ಸೋತು ಬರ್ತೀಯ’ ಅಂತ ಆಫೀಸಿನ ಹಿರಿಯ ವಕೀಲರು ನಕ್ಕಿದ್ದರು. ಹಾಗೆ ಹೋದ 12 ಕೇಸಿನಲ್ಲಿ 9 ಗೆದ್ದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಕೇಸುಗಳ ಮಾತು ಇದು. ಕಾಯಿಲೆಯಿಂದ ಕೆಲಸ ಮಾಡಲಾಗದವರಿಗೆ ಅಲ್ಲಿನ ಸರ್ಕಾರ ಕೊಡುವ ಹಣ ಅದು. ಅರ್ಜಿ ತಿರಸ್ಕಾರವಾದರೆ ಜಡ್ಜ್ ಮುಂದೆ ವಿಚಾರಣೆಗೆ ಹೋಗಬಹುದು, ಅಲ್ಲಿ ಕಕ್ಷಿದಾರರ ಪರ ವಾದಿಸುವುದು ನನ್ನ ಕೆಲಸ. ಆ ಒಂದು ಪುಟ ಅಂದರೆ ಅವರ ಡಾಕ್ಟರು ತುಂಬಿಕೊಡುವ ಹಾಳೆ.

ಮೊದಮೊದಲು ನಾನೂ ಎಲ್ಲರಂತೆ ಆಸ್ಪತ್ರೆ ದಾಖಲೆ ಗುಡ್ಡೆ ಹಾಕುತ್ತಿದ್ದೆ. ಬೆನ್ನು ಕೆಟ್ಟಿದ್ದ ಒಬ್ಬ ಗೋದಾಮು ಕೆಲಸಗಾರ್ತಿಯ ಫೈಲು 800 ಪುಟ ಇತ್ತು. ಜೊತೆಗೆ ಡಾಕ್ಟರ ಕೈಲಿ ‘ಇವರಿಂದ ಯಾವ ಕೆಲಸವೂ ಆಗದು’ ಅಂತ ಪತ್ರ ಬರೆಸಿ, ಗೆದ್ದೇಬಿಟ್ಟೆ ಅಂದುಕೊಂಡೆ. ಆ ಸಾಲಿಗೆ ಮೂರು ಕಾಸಿನ ಬೆಲೆ ಸಿಗಲಿಲ್ಲ. 2017ರ ಮಾರ್ಚ್ 27ರಿಂದ ಈಚೆಗೆ ಹಾಕಿದ ಅರ್ಜಿಯಲ್ಲಿ ಅಂಥ ಮಾತನ್ನು ಜಡ್ಜ್ ತೂಗಿ ನೋಡಬೇಕಾಗಿಯೇ ಇಲ್ಲ. ಗೊತ್ತಿದ್ದೂ ಮರೆತಿದ್ದೆ. ಸೋತೆವು, ಫೀಸು ಸೊನ್ನೆ. ದಾಖಲೆ ತರಿಸಲು ಹಾಕಿದ 300 ಡಾಲರೋ ಏನೋ, ಅದೂ ನನ್ನ ಜೇಬಿನಿಂದಲೇ ಹೋಯಿತು.

ಇನ್ನೊಂದರಲ್ಲಿ ಒಳ್ಳೆಯ ಎಂಆರ್‌ಐ ವರದಿ ವಿಚಾರಣೆಗೆ 3 ದಿನ ಇರುವಾಗ ಕೈಗೆ ಬಂತು. ಕೆಲಸದ 5 ದಿನ ಮೊದಲೇ ಕೊಡಬೇಕು, ಇಲ್ಲವೇ ಬರಲಿದೆ ಅಂತ ತಿಳಿಸಿರಬೇಕು. ನಾನು ಎರಡೂ ಮಾಡಿರಲಿಲ್ಲ. ಜಡ್ಜ್ ತೆಗೆದುಕೊಳ್ಳಲಿಲ್ಲ. ಈಗ ಬರಬೇಕಾದ ಪ್ರತಿ ಕಾಗದದ ಹೆಸರು ಹಾಕಿ ಮುಂಚೆಯೇ ಒಂದು ಪತ್ರ ಕಳಿಸಿಬಿಡುತ್ತೇನೆ.

ಆಮೇಲೆ ಕಾಯಿಲೆಯ ಹೆಸರು ಬಿಟ್ಟು ಗಂಟೆಯ ಲೆಕ್ಕ ಹಿಡಿದೆ. ಡಾಕ್ಟರಿಗೆ ಒಂದೇ ಪುಟ. ಒಂದು ಸಲಕ್ಕೆ ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಪೌಂಡ್ ಎತ್ತಬಲ್ಲರು, ಹಗಲಲ್ಲಿ ಎಷ್ಟು ಹೊತ್ತು ಮಲಗಬೇಕು, ತಿಂಗಳಿಗೆ ಎಷ್ಟು ದಿನ ಕೆಲಸ ತಪ್ಪೀತು. ಪ್ರತಿ ಉತ್ತರದ ಮುಂದೆ ‘ಯಾಕೆ’ ಅಂತ ಎರಡು ಸಾಲು ಜಾಗ. ಅದು ಖಾಲಿ ಬಿಟ್ಟರೆ ಪುಟವೇ ದಂಡ.

ಫ್ಯಾಕ್ಸ್ ಮಾಡಿದರೆ ಹತ್ತರಲ್ಲಿ ಮೂರೋ ನಾಲ್ಕೋ ವಾಪಸ್ ಬರುತ್ತಿದ್ದವು. ಕಕ್ಷಿದಾರರೇ ತಪಾಸಣೆಗೆ ಹೋದಾಗ ಒಯ್ದು ಎದುರಿಗೇ ತುಂಬಿಸಿದರೆ ಜಾಸ್ತಿ ಕೆಲಸ ಆಗುತ್ತದೆ. ಕೆಲವು ಡಾಕ್ಟರು ತುಂಬಲು 50 ಡಾಲರ್ ಕೇಳುತ್ತಾರೆ, ಕೊಡಿ.

ಇಂಥವರಿಗೆ ಯಾವ ಕೆಲಸ ಸಿಕ್ಕೀತು ಅಂತ ಜಡ್ಜ್‌ಗೆ ಹೇಳಲು ವಿಚಾರಣೆಗೆ ಒಬ್ಬ ಉದ್ಯೋಗ ತಜ್ಞರು ಬರುತ್ತಾರೆ. ಅವರಿಗೆ ನನ್ನ ಪ್ರಶ್ನೆಯೂ ಆ ಪುಟದ್ದೇ. ದಿನದ ಹೊತ್ತಿನಲ್ಲಿ ಶೇ. 15ರಷ್ಟು ಕೆಲಸದ ಕಡೆ ಗಮನ ಇಡಲಾಗದವರಿಗೆ, ತಿಂಗಳಿಗೆ ಎರಡು ದಿನ ತಪ್ಪಿಸುವವರಿಗೆ ಕೆಲಸ ಇದೆಯಾ? ನನ್ನ ಕೇಸುಗಳಲ್ಲಿ ‘ಇಲ್ಲ’ ಅನ್ನುವ ಉತ್ತರವೇ ಹೆಚ್ಚು. ಯಾವುದನ್ನು ಮೊದಲು ಕೇಳಬೇಕು ಅನ್ನುವುದರಲ್ಲಿ ಒಂದು ಪಟ್ಟು ಇದೆ. ಅದನ್ನು ಮಾತ್ರ ಹೇಳುವುದಿಲ್ಲ, ಹೊಟ್ಟೆಪಾಡು.

ನಡುವೆ ಒಂದು ಪ್ರಯೋಗ ಕೆಟ್ಟಿತು. ಮೈಗ್ರೇನ್ ಇದ್ದ ಒಬ್ಬರಿಗೆ ಕ್ಯಾಲೆಂಡರ್ ಕೊಟ್ಟು ದಿನಾ ಗುರುತು ಹಾಕಿ ಅಂದಿದ್ದೆ. ಆರು ತಿಂಗಳದ್ದನ್ನು ಒಂದೇ ರಾತ್ರಿ ತುಂಬಿದ್ದರು, ಒಂದೇ ಪೆನ್ನು, ಒಂದೇ ಓಘ. ನಾನು ಗಮನಿಸಿರಲಿಲ್ಲ, ಜಡ್ಜ್ ಗಮನಿಸಿದರು. ಈಗ ಪ್ರತಿ ತಿಂಗಳ ಹಾಳೆಯನ್ನು ಆ ತಿಂಗಳೇ ತರಿಸಿಕೊಳ್ಳುತ್ತೇನೆ. ಕಕ್ಷಿದಾರರ ಹೆಂಡತಿ ಬರೆದ ಪತ್ರಕ್ಕಿಂತ ಹಳೆಯ ಸೂಪರ್‌ವೈಸರ್ ಬರೆದ ನಾಲ್ಕು ಸಾಲು ವಾಸಿ ಅನ್ನುವುದನ್ನೂ ಹಾಗೇ ಕಲಿತೆ.

ಇನ್ನು ದುಡ್ಡು. ಗೆದ್ದರೆ ಕಕ್ಷಿದಾರರಿಗೆ ಹಿಂದಿನ ತಿಂಗಳುಗಳದ್ದು ಸೇರಿ ಬರುವ ಬಾಕಿ ಹಣದಲ್ಲಿ ಶೇ. 25 ನನ್ನ ಫೀಸು, ಅದಕ್ಕೂ ಮಿತಿ ಇದೆ. 2024ರ ನವೆಂಬರ್ ಕೊನೆಗೆ ಅದು 9,200 ಡಾಲರ್ ಆಯಿತು, ಅದಕ್ಕೆ ಮುಂಚೆ 7,200 ಇತ್ತು. ಒಂದು ಪುಟದ ಮೊದಲ ಗೆಲುವಿನಲ್ಲಿ ಕಕ್ಷಿದಾರರಿಗೆ ಹೆಚ್ಚುಕಡಿಮೆ 31,000 ಬಾಕಿ ಬಂತು. ಕಾಲು ಭಾಗ ಅಂದರೆ 7,750, ನನಗೆ ಸಿಕ್ಕಿದ್ದು 7,200. ಬೇಜಾರಿಲ್ಲ. 14 ತಿಂಗಳು ಕಾದ ಅವರ ಮನೆ ಬಾಡಿಗೆ ಬಾಕಿ ತೀರಿತು.

ಸೋತ ಮೂರರಲ್ಲಿ ಎರಡು 50 ವರ್ಷದೊಳಗಿನವರವು, ಇಬ್ಬರದೂ ಕೂತು ಮಾಡುವ ಕೆಲಸ. ಇನ್ನೊಂದರಲ್ಲಿ ‘ಯಾಕೆ’ ಖಾಲಿ ಇದ್ದ ಪುಟವನ್ನೇ ಅವಸರಕ್ಕೆ ಕಳಿಸಿದ್ದೆ. 60 ದಿನದ ಗಡುವಿನೊಳಗೆ ಜಡ್ಜ್ ತೀರ್ಪನ್ನು ಮತ್ತೆ ಪರಿಶೀಲಿಸುವ ಅಪೀಲ್ಸ್ ಕೌನ್ಸಿಲ್‌ಗೆ ಹಾಕಿ ಕಾಯುತ್ತಿದ್ದೇನೆ.