ಅಜ್ಜಿಯ ಸೇರು, ಮಗುವಿನ ಬರಹ

‘ನನ್ನ ಅಜ್ಜಿ’ ಬಗ್ಗೆ ಪ್ರಬಂಧ ಬರಿ ಅಂದರೆ ಮಗು ‘ನನ್ನ ಅಜ್ಜಿ ತುಂಬಾ ಒಳ್ಳೆಯವರು’ ಎಂದು ಬರೆದು ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಬರೆಯಲು ಬರಲ್ಲ ಅಂತಲ್ಲ. ಹೇಳಲು ಏನೂ ಸಿಕ್ಕಿಲ್ಲ, ಅಷ್ಟೇ.

ಮೊದಲು ಅಟ್ಟದಿಂದ ಒಂದು ಹಳೆಯ ಸಾಮಾನು ಇಳಿಸಿ. ಸೇರು, ಪಾವು ಇದ್ದರೆ ಬಹಳ ಒಳ್ಳೆಯದು. ಮಗುವೇ ಅಕ್ಕಿ ಅಳೆದು ನೋಡಲಿ. ನಾಲ್ಕು ಪಾವಿಗೆ ಸೇರು ತುಂಬುತ್ತದೆ. ಎಲ್ಲಿ ನೆಗ್ಗಿದೆ, ಅಂಚು ಎಷ್ಟು ಸವೆದಿದೆ ಎಂದು ನೋಡಿ ನಾಲ್ಕೈದು ಸಾಲು ಬರೆಯಲಿ.

ಆಮೇಲೆ ಅಜ್ಜಿಯ ಹತ್ತಿರ ಕಳಿಸಿ. ‘ನಿಮ್ಮ ಕಾಲ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಮಗಾ’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಪ್ರಶ್ನೆ ಸಣ್ಣದಿರಲಿ. ದಿನಕ್ಕೆ ಎಷ್ಟು ಸೇರು ರಾಗಿ ಬೇಕಿತ್ತು? ಊಟಕ್ಕೆ ಎಷ್ಟು ಜನ? ಪಕ್ಕದ ಮನೆಯವರು ಸಾಲ ಕೇಳಿದರೆ ಸವರಿ ಅಳೀತಿದ್ರಾ, ಗೋಪುರ ಬಿಟ್ಟು ಕೊಡ್ತಿದ್ರಾ? ಈ ಕೊನೆಯ ಪ್ರಶ್ನೆಗೆ ಇಡೀ ಓಣಿಯ ಕಥೆಯೇ ಹೊರಬರಬಹುದು.

ಅಜ್ಜಿ ‘ಅಳೀತಿದ್ವಿ’ ಅಂದರೆ ‘ಅಳೀತಿದ್ವಿ’ ಎಂದೇ ಬರೆಯಲಿ. ಅದನ್ನು ‘ಅಳೆಯುತ್ತಿದ್ದೆವು’ ಎಂದು ತಿದ್ದಬೇಡಿ, ದಯವಿಟ್ಟು. ಆ ಮಾತಿನ ಧಾಟಿ ಹೋದರೆ ಅಜ್ಜಿಯೇ ಬರಹದಿಂದ ಹೊರಟುಹೋಗುತ್ತಾರೆ. ಯಾವುದಾದರೂ ವಿಷಯ ಬೇಡ ಅಂದರೆ ಮಗು ಒತ್ತಾಯ ಮಾಡಬಾರದು, ಇದನ್ನು ಮೊದಲೇ ಹೇಳಿಕೊಡಿ.

ಇಸವಿ ಎಲ್ಲರಿಗೂ ನೆನಪಿರಲ್ಲ. ಸುತ್ತು ಹಾಕಿ ಕೇಳಬೇಕು. ಆಣೆ ಹೋಗಿ ನಯಾ ಪೈಸೆ ಬಂದಾಗ ಶಾಲೆಗೆ ಹೋಗ್ತಿದ್ರಾ? ಅದು 1957. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಾಗ ಅಪ್ಪ ಹುಟ್ಟಿದ್ರಾ? ಅದು 1973. ಶರಾವತಿ ಕಣಿವೆಯ ಮನೆತನವಾದರೆ 1964ರ ಲಿಂಗನಮಕ್ಕಿ ಅಣೆಕಟ್ಟೆಯೇ ಗುರುತು. ಮುಳುಗಡೆಗೆ ಮುಂಚೆಯೋ, ಆಮೇಲೋ ಅಂತ ಕೇಳಿದರೆ ಸಾಕು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇನ್ನೊಂದು ಭಾಗ್ಯವಿದೆ. ಮನೆತನಗಳ ತಲೆಮಾರುಗಳ ಹೆಸರು ಹೇಳುವ ಹೆಳವರು ಮನೆಗೆ ಬಂದರೆ ಮಗುವನ್ನು ನೋಟ್‌ಬುಕ್ ಸಮೇತ ಕೂರಿಸಿ. ಅಜ್ಜಿಯ ತವರಿನ ಹೆಸರುಗಳನ್ನೂ ಕೇಳಿ ಬರೆದುಕೊಳ್ಳಲಿ.

ಈಗ ಬರಹ. ಇಡೀ ವಂಶದ ಕಥೆ ಬೇಡ, ಒಂದು ಪುಟ, ಸೇರಿನ ಕಥೆ ಮಾತ್ರ. ಬರೆದದ್ದನ್ನು ಅಜ್ಜಿಗೆ ಜೋರಾಗಿ ಓದಿ ಹೇಳಲಿ. ‘ಹಂಗಲ್ಲ, ಅವತ್ತು ಮಳೆ ಬರ್ತಿತ್ತು’ ಎಂದು ಅವರು ತಿದ್ದಿದರೆ ಪುಟದ ಬದಿಯಲ್ಲಿ ಬರೆದುಕೊಂಡು ಮತ್ತೆ ಬರೆಯಲಿ. ಕಾಗುಣಿತ, ಒತ್ತಕ್ಷರ ನೋಡುವ ನಿಮ್ಮ ಕೆಲಸ ಅದಾದ ಮೇಲೆ.